ವೈಫೈ ಸಿಕ್ಕಿದೆ, ನೆಟ್ ಮಾತ್ರ ಇಲ್ಲ: ಮೊಬೈಲಿನಲ್ಲಿ ಪ್ರಾಕ್ಸಿ, ಐಪಿ, ಎಪಿಎನ್ ಬದಲಿಸುವುದು ಹೇಗೆ

ಕಾಲೇಜು ಹಾಸ್ಟೆಲ್ಲಿನಲ್ಲೋ ಆಫೀಸಿನಲ್ಲೋ ವೈಫೈ ಪಾಸ್‌ವರ್ಡ್ ಕೊಡುವಾಗ ಕೆಲವು ಕಡೆ ಅದರ ಜೊತೆಗೆ ಇನ್ನೆರಡು ಅಂಕಿಗಳನ್ನೂ ಬರೆದುಕೊಡುತ್ತಾರೆ. ಒಂದು 192.168.10.1 ಥರದ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಒಂದು ಯಂತ್ರವನ್ನು ಗುರುತಿಸುವ ಅಂಕಿ), ಇನ್ನೊಂದು 3128 ಅಥವಾ 8080 ಥರದ ಪೋರ್ಟ್ ನಂಬರು. ಇವೆರಡೂ ಸೇರಿದರೆ ಪ್ರಾಕ್ಸಿ. ಫೋನು ತಾನೇ ಹೊರಗೆ ಹೋಗುವುದಿಲ್ಲ. ಆ ವಿಳಾಸದಲ್ಲಿ ಕೂತ ಸರ್ವರನ್ನು ಕೇಳುತ್ತದೆ, ಸರ್ವರು ತಂದುಕೊಡುತ್ತದೆ. ಪೋರ್ಟು 3128 ಆಗಿದ್ದರೆ ಅಲ್ಲಿ ಓಡುತ್ತಿರುವುದು ಬಹುಮಟ್ಟಿಗೆ ಸ್ಕ್ವಿಡ್ ಎಂಬ ತಂತ್ರಾಂಶ, ಅದರ ಮೂಲ ಪೋರ್ಟೇ ಅದು.

ಒಂದು ಮಾತು ಮೊದಲೇ ಗೊತ್ತಿದ್ದರೆ ಅರ್ಧ ಗೊಂದಲ ತಪ್ಪುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಕುವ ಪ್ರಾಕ್ಸಿ ಇಡೀ ಫೋನಿಗೆ ಅಂಟುವುದಿಲ್ಲ, ಆ ಒಂದು ವೈಫೈ ಹೆಸರಿಗಷ್ಟೇ ಅಂಟುತ್ತದೆ. ಹಾಸ್ಟೆಲ್ ವೈಫೈಗೆ ಹಾಕಿದ್ದು ಮನೆಯ ವೈಫೈಗೆ ಬರುವುದಿಲ್ಲ, ಮೊಬೈಲ್ ಡೇಟಾಗೂ ಬರುವುದಿಲ್ಲ. ಒಂದೇ ಕಟ್ಟಡದಲ್ಲಿ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರಿಟ್ಟಿದ್ದರೆ ಎರಡಕ್ಕೂ ಪ್ರತ್ಯೇಕವಾಗಿ ಹಾಕಬೇಕು. ಆ ವೈಫೈಯನ್ನು ಫರ್ಗೆಟ್ ಮಾಡಿದರೆ ಪ್ರಾಕ್ಸಿಯೂ ಅದರ ಜೊತೆಗೇ ಅಳಿದುಹೋಗುತ್ತದೆ.

ಏನನ್ನಾದರೂ ಮುಟ್ಟುವ ಮುಂಚೆ ಈಗಿರುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಟ್ಟರೆ ಹಿಂದಕ್ಕೆ ಬರಲು ಅದೇ ಸುಲಭದ ದಾರಿ.

ಆಂಡ್ರಾಯ್ಡ್‌ನಲ್ಲಿ

ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಇಂಟರ್ನೆಟ್ ಎಂದು ಹೋಗಿ, ವೈಫೈ ಹೆಸರಿನ ಪಕ್ಕದ ಹಲ್ಲುಚಕ್ರ ಒತ್ತಿ. ಮೇಲ್ಗಡೆ ಪೆನ್ಸಿಲ್ ಗುರುತು ಇರುತ್ತದೆ. ಅದನ್ನು ಒತ್ತಿ ಅಡ್ವಾನ್ಸ್ಡ್ ಆಪ್ಷನ್ಸ್ ತೆರೆದರೆ ಪ್ರಾಕ್ಸಿ ಸಿಗುತ್ತದೆ. ಸ್ಯಾಮ್‌ಸಂಗ್ ಫೋನಿನಲ್ಲಿ ಸೆಟ್ಟಿಂಗ್ಸ್, ಕನೆಕ್ಷನ್ಸ್, ವೈಫೈ, ಹಲ್ಲುಚಕ್ರ, ಆಮೇಲೆ ವ್ಯೂ ಮೋರ್. ಬೇರೆ ಕಂಪನಿಗಳ ಫೋನಿನಲ್ಲಿ ಮೆನುಗಳ ಹೆಸರು ಆಚೀಚೆ ಆಗುತ್ತದೆ, ಆದರೆ ಆ ವೈಫೈನ ವಿವರದ ಪುಟದೊಳಗೇ ಇದೂ ಇರುತ್ತದೆ.

ಅಲ್ಲಿ ಮೂರು ಆಯ್ಕೆ: ನನ್, ಮ್ಯಾನ್ಯುಅಲ್, ಆಟೋ ಕಾನ್ಫಿಗ್. ಮ್ಯಾನ್ಯುಅಲ್ ಆರಿಸಿದರೆ ಹೋಸ್ಟ್‌ನೇಮ್, ಪೋರ್ಟ್, ಬೈಪಾಸ್ ಎಂಬ ಖಾನೆಗಳು ತೆರೆದುಕೊಳ್ಳುತ್ತವೆ. ಬೈಪಾಸ್‌ನಲ್ಲಿ ಪ್ರಾಕ್ಸಿ ಮೂಲಕ ಹೋಗಬಾರದ ವಿಳಾಸಗಳನ್ನು ಅಲ್ಪವಿರಾಮ ಹಾಕಿ ಬರೆಯಿರಿ. ಕ್ಯಾಂಪಸ್ಸಿನ ಒಳಗಿನ ಲೈಬ್ರರಿ ಪುಟ, ಹಾಜರಾತಿ ಪುಟ ಇಲ್ಲಿಗೆ ಬರುತ್ತವೆ. ಆಟೋ ಕಾನ್ಫಿಗ್ ಆರಿಸಿದರೆ ಅವರು ಕೊಟ್ಟ ಪ್ಯಾಕ್ (PAC, ಪ್ರಾಕ್ಸಿ ಆಟೋ ಕಾನ್ಫಿಗ್) ಫೈಲಿನ ಪೂರ್ತಿ ವಿಳಾಸವನ್ನು ಹಾಕಿದರೆ ಸಾಕು. ಯಾವ ಜಾಲತಾಣಕ್ಕೆ ಪ್ರಾಕ್ಸಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಆ ಫೈಲೇ ತೀರ್ಮಾನಿಸುತ್ತದೆ. ಪ್ಯಾಕ್ ಕೊಟ್ಟಿದ್ದರೆ ಅದನ್ನೇ ಬಳಸಿ. ಮುಂದೆ ಅವರು ಸರ್ವರ್ ಬದಲಿಸಿದರೂ ನೀವು ಮತ್ತೆ ಈ ಪುಟಕ್ಕೆ ಬರಬೇಕಾಗಿಲ್ಲ.

ಯೂಸರ್‌ನೇಮ್, ಪಾಸ್‌ವರ್ಡ್ ಹಾಕುವ ಖಾನೆಗಾಗಿ ಹುಡುಕಬೇಡಿ, ಆಂಡ್ರಾಯ್ಡ್‌ನ ಈ ಪುಟದಲ್ಲಿ ಅದು ಇಲ್ಲ. ಕ್ರೋಮ್ ತೆರೆದಾಗ ಅದೇ ಕೇಳುತ್ತದೆ. ಹಾಗೆ ಕೇಳದ ಆ್ಯಪ್‌ಗಳು ಪಾಸ್‌ವರ್ಡ್ ಬೇಡುವ ಪ್ರಾಕ್ಸಿಯ ಹಿಂದೆ ಸುಮ್ಮನೆ ಸುತ್ತುತ್ತ ಕೂರುತ್ತವೆ.

ಐಫೋನಿನಲ್ಲಿ

ಸೆಟ್ಟಿಂಗ್ಸ್, ವೈಫೈ, ಹೆಸರಿನ ಪಕ್ಕದ ವೃತ್ತದೊಳಗಿನ ಐ ಗುರುತು, ಕೆಳಗೆ ಕೊನೆಯಲ್ಲಿ ಕಾನ್ಫಿಗರ್ ಪ್ರಾಕ್ಸಿ. ಇಲ್ಲಿ ಅಥೆಂಟಿಕೇಶನ್ ಎಂಬ ಸ್ವಿಚ್ ಇದೆ. ಹಾಕಿದರೆ ಯೂಸರ್‌ನೇಮ್, ಪಾಸ್‌ವರ್ಡ್ ಖಾನೆಗಳು ಬರುತ್ತವೆ. ಬೈಪಾಸ್ ಖಾನೆ ಮಾತ್ರ ಇಲ್ಲ. ಒಳಗಿನ ಪುಟಗಳನ್ನು ಬಿಡಿಸಬೇಕಿದ್ದರೆ ಆಟೋಮ್ಯಾಟಿಕ್ ಆರಿಸಿ ಪ್ಯಾಕ್ ವಿಳಾಸ ಹಾಕಬೇಕು. ಎಲ್ಲ ತುಂಬಿಸಿ ಮೇಲಿನ ಸೇವ್ ಒತ್ತದೆ ಹಿಂದೆ ಬಂದರೆ ಬರೆದದ್ದೆಲ್ಲ ಹೋಯಿತು.

ಎಲ್ಲಿ ಕೈಕೊಡುತ್ತದೆ

ಟೈಪ್ ಮಾಡುವಲ್ಲೇ ಹೆಚ್ಚು. ಹೋಸ್ಟ್‌ನೇಮ್ ಖಾನೆಯಲ್ಲಿ ಬರೀ ವಿಳಾಸ ಇರಬೇಕು, ಮುಂದೆ ಎಚ್‌ಟಿಟಿಪಿ ಮತ್ತು ಎರಡು ಗೆರೆ ಬೇಡ, ಹಿಂದೆ ಕೋಲನ್ ಹಾಕಿ ಪೋರ್ಟೂ ಬೇಡ. ವಾಟ್ಸ್ಆ್ಯಪ್‌ನಿಂದ ಕಾಪಿ ಮಾಡಿ ಅಂಟಿಸಿದಾಗ ಕೊನೆಯಲ್ಲಿ ಒಂದು ಖಾಲಿ ಜಾಗವೂ ಅಂಟಿಕೊಂಡು ಬರಬಹುದು. ಕಣ್ಣಿಗೆ ಕಾಣದ ಆ ಒಂದು ಖಾಲಿ ಜಾಗ ಸಾಕು, ಸಂಪರ್ಕ ಸಿಗುವುದಿಲ್ಲ. ಕರ್ಸರನ್ನು ಸಾಲಿನ ಕೊನೆಗಿಟ್ಟು ಒಂದು ಸಲ ಅಳಿಸಿ ನೋಡಿ: ಕೊನೆಯ ಅಂಕಿ ಅಳಿಯದಿದ್ದರೆ ಅಲ್ಲಿ ಖಾಲಿ ಜಾಗ ಇತ್ತು ಎಂದರ್ಥ. ಕನ್ನಡ ಕೀಬೋರ್ಡ್ ಹಾಕಿಕೊಂಡವರು ೮೦೮೦ ಬಿದ್ದಿದೆಯೋ 8080 ಬಿದ್ದಿದೆಯೋ ಎಂಬುದನ್ನೂ ನೋಡಿಕೊಳ್ಳಿ, ಇಲ್ಲಿ ಇಂಗ್ಲಿಷ್ ಅಂಕಿಯೇ ಇರಲಿ.

ಉಳಿದದ್ದನ್ನು ಬ್ರೌಸರೇ ಹೇಳುತ್ತದೆ. ಕ್ರೋಮ್‌ನಲ್ಲಿ ‘ಪ್ರಾಕ್ಸಿ ಕನೆಕ್ಷನ್ ಫೇಲ್ಡ್’ ಎಂದು ಬಂದರೆ ಫೋನು ಆ ಸರ್ವರನ್ನು ಮುಟ್ಟಲೇ ಇಲ್ಲ. ವಿಳಾಸ, ಪೋರ್ಟ್ ತಪ್ಪು ಅಥವಾ ಸರ್ವರೇ ನಿಂತಿದೆ. ‘ಟನಲ್ ಕನೆಕ್ಷನ್ ಫೇಲ್ಡ್’ ಎಂದರೆ ಮುಟ್ಟಿತು, ಆದರೆ ಆ ತಾಣಕ್ಕೆ ದಾರಿ ಮಾಡಿಕೊಡಲು ಪ್ರಾಕ್ಸಿ ಒಪ್ಪಲಿಲ್ಲ. 407 ಕಂಡರೆ ಲಾಗಿನ್ ಬೇಕು. ‘ಆಕ್ಸೆಸ್ ಡಿನೈಡ್’ ಪುಟ ಬಂದರೆ ನಿಮ್ಮ ಸೆಟ್ಟಿಂಗ್ ಸರಿಯಾಗಿಯೇ ಇದೆ, ಆ ತಾಣವನ್ನು ಅವರು ಮುಚ್ಚಿದ್ದಾರೆ ಅಷ್ಟೇ.

‘ಕನೆಕ್ಟೆಡ್, ನೋ ಇಂಟರ್ನೆಟ್’ ಎಂಬ ಸಾಲು ಹಲವರನ್ನು ಹೆದರಿಸುತ್ತದೆ. ವೈಫೈ ಸೇರಿದ ಕೂಡಲೇ ಆಂಡ್ರಾಯ್ಡ್ ಗೂಗಲ್‌ನ ಸರ್ವರಿಗೆ ಒಂದು ಪುಟ್ಟ ಕೋರಿಕೆ ಕಳಿಸಿ 204 ಎಂಬ ಉತ್ತರಕ್ಕೆ ಕಾಯುತ್ತದೆ. ಪ್ರಾಕ್ಸಿಯೋ ಫೈರ್‌ವಾಲೋ ಅದನ್ನು ತಡೆದರೆ, ಬ್ರೌಸರಿನಲ್ಲಿ ಪುಟಗಳು ತೆರೆಯುತ್ತಿದ್ದರೂ ಫೋನು ನೆಟ್ ಇಲ್ಲವೆಂದೇ ನಂಬಿ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರುತ್ತದೆ. ವೈಫೈನಲ್ಲಿದ್ದೇನೆ ಎಂದುಕೊಂಡು ದಿನದ ಡೇಟಾ ಖಾಲಿಯಾಗುವುದು ಹೀಗೆ. ಪರೀಕ್ಷಿಸುವಾಗ ಮೊಬೈಲ್ ಡೇಟಾ ಆಫ್ ಮಾಡಿಯೇ ಪರೀಕ್ಷಿಸಿ. ಇಲ್ಲದಿದ್ದರೆ ಯಾವ ದಾರಿಯಲ್ಲಿ ಪುಟ ಬಂತು ಎಂಬುದೇ ತಿಳಿಯುವುದಿಲ್ಲ.

ಬ್ರೌಸರ್ ಓಡುತ್ತದೆ, ಆ್ಯಪ್‌ಗಳು ಓಡುವುದಿಲ್ಲ ಎಂಬುದು ಇನ್ನೊಂದು ದೂರು. ಈ ಪ್ರಾಕ್ಸಿ ವೆಬ್ ಸಂಚಾರಕ್ಕಾಗಿ ಇರುವುದು, ಅದನ್ನು ಗೌರವಿಸಬೇಕೋ ಬೇಡವೋ ಎಂಬುದು ಆಯಾ ಆ್ಯಪ್ ಮಾಡಿದವರಿಗೆ ಬಿಟ್ಟದ್ದು. ಆಟಗಳು, ವಿಡಿಯೊ ಕರೆಗಳು ಹೆಚ್ಚಾಗಿ ಅದನ್ನು ಕೇಳುವುದೇ ಇಲ್ಲ. ವಾಟ್ಸ್ಆ್ಯಪ್ 2023ರ ಜನವರಿಯಲ್ಲಿ ತನ್ನದೇ ಪ್ರಾಕ್ಸಿ ಖಾನೆ ತಂದಿತು, ಸ್ಟೋರೇಜ್ ಅಂಡ್ ಡೇಟಾ ಒಳಗಿದೆ. ಆದರೆ ಅದು ವಾಟ್ಸ್ಆ್ಯಪ್‌ಗೆಂದೇ ಕಟ್ಟಿದ ಪ್ರಾಕ್ಸಿಗೆ. ಹಾಸ್ಟೆಲಿನ ವಿಳಾಸವನ್ನು ಅಲ್ಲಿ ತುಂಬಿದರೆ ಕೆಲಸ ಮಾಡುವುದಿಲ್ಲ.

ಆಫೀಸಿನವರು ಒಂದು ಸರ್ಟಿಫಿಕೇಟ್ ಕೊಟ್ಟು ಹಾಕಿಕೊಳ್ಳಿ ಎಂದರೆ ಒಂದು ಕ್ಷಣ ನಿಲ್ಲಿ. ಸಾಮಾನ್ಯ ಪ್ರಾಕ್ಸಿಗೆ ಬೀಗದ ಗುರುತಿನ ತಾಣಗಳ ಹೆಸರು ಮಾತ್ರ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಸರ್ಟಿಫಿಕೇಟ್ ಹಾಕಿಕೊಂಡ ಮೇಲೆ ಒಳಗಿನದನ್ನೂ ಬಿಚ್ಚಿ ನೋಡಲು ಸಾಧ್ಯ. ಕಂಪನಿಯ ಫೋನಾದರೆ ಸರಿ, ಸ್ವಂತದ್ದಾದರೆ ಯೋಚಿಸಬೇಕು. ಆಂಡ್ರಾಯ್ಡ್ 7ರಿಂದ ಈಚೆಗೆ ಬಳಕೆದಾರರು ಸೇರಿಸಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ, ಹಾಗಾಗಿ ಅದನ್ನು ಹಾಕಿಕೊಂಡರೂ ಎಷ್ಟೋ ಆ್ಯಪ್ ಓಡದು. ಐಫೋನಿನಲ್ಲಿ ಪ್ರೊಫೈಲ್ ಹಾಕಿದ ಮೇಲೂ ಜನರಲ್, ಅಬೌಟ್, ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಸ್ವಿಚ್ ಹಾಕಬೇಕು. ಬ್ಯಾಂಕ್, ಯುಪಿಐ ಕೆಲಸವನ್ನು ಮೊಬೈಲ್ ಡೇಟಾದಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಇಂಟರ್ನೆಟ್ಟಿನಲ್ಲಿ ಸಿಗುವ ಉಚಿತ ಪ್ರಾಕ್ಸಿ ಪಟ್ಟಿಗಳ ತಂಟೆಗಂತೂ ಹೋಗಲೇಬೇಡಿ: ಆ ಸರ್ವರಿನಲ್ಲಿ ಯಾರು ಕೂತಿದ್ದಾರೋ ಯಾರಿಗೆ ಗೊತ್ತು.

ಪ್ರಾಕ್ಸಿ ಸರಿ ಇದ್ದೂ ನೆಟ್ ಬಾರದಿದ್ದರೆ ಇನ್ನೆರಡು ಕಡೆ ನೋಡಿ. ಒಂದು, ಆಂಡ್ರಾಯ್ಡ್ 9ರಿಂದ ಇರುವ ಪ್ರೈವೇಟ್ ಡಿಎನ್‌ಎಸ್. ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆಯನ್ನು ಗುಟ್ಟಾಗಿ ಬಳಸುವ ಸೆಟ್ಟಿಂಗ್ ಇದು. ಜಾಹೀರಾತು ತಡೆಯಲೆಂದು ಅಲ್ಲಿ ಯಾವುದೋ ಹೆಸರು ಹಾಕಿಟ್ಟಿರುತ್ತೀರಿ. ಅದು 853ನೇ ಪೋರ್ಟ್ ಬಳಸುತ್ತದೆ. ಕ್ಯಾಂಪಸ್ ಫೈರ್‌ವಾಲ್ ಆ ಪೋರ್ಟ್ ಮುಚ್ಚಿದ್ದರೆ ಒಂದು ಹೆಸರೂ ತೆರೆಯುವುದಿಲ್ಲ. ಆಟೋಮ್ಯಾಟಿಕ್‌ಗೆ ತನ್ನಿ. ಎರಡು, ಮ್ಯಾಕ್ ವಿಳಾಸ, ಅಂದರೆ ವೈಫೈಗೆ ಫೋನು ತೋರಿಸುವ ಗುರುತಿನ ಸಂಖ್ಯೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಫೋನು ಒಂದೊಂದು ವೈಫೈಗೆ ಒಂದೊಂದು ನಕಲಿ ಮ್ಯಾಕ್ ತೋರಿಸುತ್ತದೆ. ಹಾಸ್ಟೆಲಿನವರು ಫೋನಿನ ನಿಜವಾದ ಮ್ಯಾಕ್ ಬರೆದುಕೊಂಡು ನೋಂದಾಯಿಸಿದ್ದರೆ ಇದು ತಾಳೆಯಾಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಅದೇ ವೈಫೈನ ಪ್ರೈವೆಸಿ ಖಾನೆಯಲ್ಲಿ ‘ಯೂಸ್ ಡಿವೈಸ್ ಮ್ಯಾಕ್’ ಆರಿಸಿ, ಸ್ಯಾಮ್‌ಸಂಗ್‌ನಲ್ಲಿ ‘ಫೋನ್ ಮ್ಯಾಕ್’, ಐಫೋನಿನಲ್ಲಿ ಪ್ರೈವೇಟ್ ವೈಫೈ ಅಡ್ರೆಸ್ ಆಫ್ ಮಾಡಿ.

ಐಪಿ ವಿಳಾಸ

ಐಪಿಯನ್ನು ಕೈಯಾರೆ ಹಾಕುವ ಅಗತ್ಯ ಅಪರೂಪ. ಹಾಕಲೇಬೇಕಿದ್ದರೆ ಆಂಡ್ರಾಯ್ಡ್‌ನಲ್ಲಿ ಪ್ರಾಕ್ಸಿಯ ಪಕ್ಕದಲ್ಲೇ ಇರುವ ಐಪಿ ಸೆಟ್ಟಿಂಗ್ಸ್ ಅನ್ನು ಡಿಎಚ್‌ಸಿಪಿಯಿಂದ (ರೌಟರೇ ವಿಳಾಸ ಕೊಡುವ ಕ್ರಮ) ಸ್ಟ್ಯಾಟಿಕ್‌ಗೆ ಬದಲಿಸಿ. ಪ್ರಿಫಿಕ್ಸ್ ಲೆಂತ್ ಎಂಬಲ್ಲಿ 24 ಎಂದರೂ ಐಫೋನಿನ ಸಬ್‌ನೆಟ್ ಮಾಸ್ಕ್ ಖಾನೆಯಲ್ಲಿ 255.255.255.0 ಎಂದರೂ ಒಂದೇ. ಆಂಡ್ರಾಯ್ಡ್ ಗೇಟ್‌ವೇ ಎನ್ನುವುದನ್ನು ಐಫೋನ್ ರೌಟರ್ ಎನ್ನುತ್ತದೆ. ಐಪಿ 169.254ರಿಂದ ಶುರುವಾಗುತ್ತಿದ್ದರೆ ರೌಟರ್ ಫೋನಿಗೆ ವಿಳಾಸವನ್ನೇ ಕೊಟ್ಟಿಲ್ಲ. ಆಗ ಪ್ರಾಕ್ಸಿ ತಿದ್ದುತ್ತ ಕೂರುವುದು ವ್ಯರ್ಥ.

ಮೊಬೈಲ್ ಡೇಟಾದ ಎಪಿಎನ್

ಇದು ವೈಫೈಗೆ ಸಂಬಂಧವಿಲ್ಲದ, ಸಿಮ್ಮಿನ ಕಡೆಯ ಸೆಟ್ಟಿಂಗ್: ಸಿಮ್ ಕಂಪನಿಯ ಮೂಲಕ ಇಂಟರ್ನೆಟ್ಟಿಗೆ ಹೋಗುವ ಬಾಗಿಲಿನ ಹೆಸರು. ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಸಿಮ್ಸ್, ಆಕ್ಸೆಸ್ ಪಾಯಿಂಟ್ ನೇಮ್ಸ್. ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್, ಮೊಬೈಲ್ ನೆಟ್‌ವರ್ಕ್ಸ್ ಒಳಗೆ. ಎಪಿಎನ್ ಖಾನೆಯಲ್ಲಿ ಜಿಯೋಗೆ ಜಿಯೋನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಎಲ್ಲವನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಎಪಿಎನ್ ಟೈಪ್‌ನಲ್ಲಿ ಡಿಫಾಲ್ಟ್ ಎಂಬ ಪದ ಇರಲೇಬೇಕು, ಇಲ್ಲದಿದ್ದರೆ ಡೇಟಾ ಶುರುವಾಗುವುದಿಲ್ಲ. ಪ್ರೋಟೊಕಾಲ್‌ನಲ್ಲಿ ಐಪಿವಿ4, ಐಪಿವಿ6 ಎರಡೂ ಇರುವುದನ್ನು ಆರಿಸಿ. ಎಂಸಿಸಿ, ಎಂಎನ್‌ಸಿ (ದೇಶದ ಮತ್ತು ಸಿಮ್ ಕಂಪನಿಯ ಸಂಕೇತ ಸಂಖ್ಯೆಗಳು) ತಾವಾಗಿ ತುಂಬಿರುತ್ತವೆ, ಮುಟ್ಟಬೇಡಿ. ಅವು ಸಿಮ್ಮಿಗೆ ತಾಳೆಯಾಗದಿದ್ದರೆ ಸೇವ್ ಮಾಡಿದ ಎಪಿಎನ್ ಪಟ್ಟಿಯಿಂದಲೇ ಮಾಯವಾಗುತ್ತದೆ.

ಇಲ್ಲಿಯೂ ಪ್ರಾಕ್ಸಿ, ಪೋರ್ಟ್ ಎಂಬ ಖಾನೆಗಳಿವೆ. ಖಾಲಿ ಬಿಡಿ. ವ್ಯಾಪ್ ಕಾಲದ (ಹಳೆಯ ಪುಟ್ಟ ಫೋನುಗಳ ಇಂಟರ್ನೆಟ್) ಹಳೆಯ ಅಂಕಿಗಳು ‘ನೆಟ್ ಸ್ಪೀಡ್ ಟ್ರಿಕ್’ ಎಂಬ ಹೆಸರಿನಲ್ಲಿ ಈಗಲೂ ಸುತ್ತುತ್ತಿವೆ; ಅವನ್ನು ತುಂಬಿದರೆ ಸ್ಪೀಡಿರಲಿ, ನೆಟ್ಟೇ ನಿಲ್ಲಬಹುದು. ಮೂರು ಚುಕ್ಕಿ ಒತ್ತಿ ಸೇವ್ ಮಾಡಿ, ಪಟ್ಟಿಯಲ್ಲಿ ಹೊಸದರ ಮುಂದಿನ ವೃತ್ತ ಒತ್ತಿ, ಏರೋಪ್ಲೇನ್ ಮೋಡ್ ಹತ್ತು ಸೆಕೆಂಡ್ ಹಾಕಿ ತೆಗೆಯಿರಿ. ಐಫೋನಿನಲ್ಲಿ ಎಪಿಎನ್ ಮೆನು ಕಾಣದಿದ್ದರೆ ನಿಮ್ಮ ಕಂಪನಿ ಅದನ್ನು ತಿದ್ದಲು ಬಿಟ್ಟಿಲ್ಲ ಎಂದು ತಿಳಿಯಿರಿ.

ಯಾವುದೂ ಆಗದಿದ್ದರೆ

ಮೊದಲು ಆ ಒಂದು ವೈಫೈಯನ್ನು ಫರ್ಗೆಟ್ ಮಾಡಿ ಮತ್ತೆ ಸೇರಿ. ಆ್ಯಪ್ ತಯಾರಿಸುವವರ ಫೋನಾದರೆ ಮತ್ತೊಂದು ಸಾಧ್ಯತೆ ಇದೆ: ಎಡಿಬಿ (ಕಂಪ್ಯೂಟರಿನಿಂದ ಆಂಡ್ರಾಯ್ಡ್ ಫೋನಿಗೆ ಆದೇಶ ಕೊಡುವ ಸಾಧನ) ಮೂಲಕ ಇಡೀ ಫೋನಿಗೆ ಅನ್ವಯಿಸುವ ಗ್ಲೋಬಲ್ ಪ್ರಾಕ್ಸಿ ಹಾಕಿ ಮರೆತಿದ್ದರೆ ಅದು ಮೆನುವಿನಲ್ಲಿ ಎಲ್ಲೂ ಕಾಣುವುದಿಲ್ಲ. ಅದೇ ಆದೇಶವನ್ನು ವಿಳಾಸದ ಜಾಗದಲ್ಲಿ :0 ಕೊಟ್ಟು ಮತ್ತೊಮ್ಮೆ ಓಡಿಸಿದರೆ ಹೋಗುತ್ತದೆ.

ಕೊನೆಯ ಅಸ್ತ್ರ ನೆಟ್‌ವರ್ಕ್ ರೀಸೆಟ್. ಆಂಡ್ರಾಯ್ಡ್‌ನಲ್ಲಿ ಸಿಸ್ಟಮ್, ರೀಸೆಟ್ ಆಪ್ಷನ್ಸ್. ಐಫೋನಿನಲ್ಲಿ ಜನರಲ್, ಟ್ರಾನ್ಸ್‌ಫರ್ ಆರ್ ರೀಸೆಟ್, ರೀಸೆಟ್, ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್. ಫೋಟೊ, ಆ್ಯಪ್‌ಗಳಿಗೆ ಏನೂ ಆಗುವುದಿಲ್ಲ, ಆದರೆ ಉಳಿಸಿದ್ದ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಐಫೋನಿನಲ್ಲಿ ವಿಪಿಎನ್, ಎಪಿಎನ್ ಕೂಡ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದೇ ಪುಟದಲ್ಲಿ ಇ-ಸಿಮ್ ಅಳಿಸುವ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಿದರೆ ನಂಬರನ್ನು ಮತ್ತೆ ತರಿಸಿಕೊಳ್ಳಲು ಕಂಪನಿಯ ಬಾಗಿಲಿಗೇ ಹೋಗಬೇಕಾದೀತು.