ಸೀಲಿಂಗ್ ಸೋರಿದರೆ ಖರ್ಚು ಯಾರದು? ನಾವು ಬಗೆಹರಿಸಿಕೊಂಡ ರೀತಿ

ಮೇಲಿನ ಮನೆ ಬಾತ್‌ರೂಮಿನಿಂದ ಕೆಳಗಿನ ಮನೆ ಸೀಲಿಂಗ್ ಒದ್ದೆಯಾದರೆ ದುಡ್ಡು ಕೊಡಬೇಕಾದವರು ಯಾರು? ಅಸೋಸಿಯೇಷನ್ ಕಮಿಟಿಯಲ್ಲಿ ಒಂದು ವರ್ಷ ಕೂತವರಿಗೂ ಉತ್ತರ ಗೊತ್ತು: ಜೋರಾಗಿ ಕೂಗದವರು.

ನಮ್ಮದು ಬೆಂಗಳೂರಿನ ಹಳೇ ಅಪಾರ್ಟ್‌ಮೆಂಟು, ತೊಂಬತ್ತು ಚಿಲ್ಲರೆ ಮನೆ. ನಾನು ಸೆಕ್ರೆಟರಿಯಾದಾಗ ಇಂಥ ದೂರುಗಳು ಇಪ್ಪತ್ತೈದರ ಆಸುಪಾಸು ಬಾಕಿ ಇದ್ದವು. 'ನೀರು ಎಲ್ಲಿಂದ ಸೋರುತ್ತಿದೆ ಅಂತ ಪರೀಕ್ಷೆ ಮಾಡೋ ಮುಂಚೆಯೇ, ತಪ್ಪು ಯಾರದಾದರೆ ಖರ್ಚು ಯಾರದು ಅಂತ ಬರೆದು ಸಹಿ ಹಾಕಿಸಿಕೊಳ್ಳೋಣ' ಅಂದೆ. ಕಮಿಟಿಯವರೇ ನಕ್ಕರು. 'ಸೋರೋ ಮನೆಯವರು ಸಹಿ ಹಾಕ್ತಾರಾ ಸಾರ್?' ಅಂದರು ಖಜಾಂಚಿ. ಹಾಕಿದರು. ತಪ್ಪು ತಮ್ಮದಲ್ಲ ಅಂತ ಎಲ್ಲರಿಗೂ ಗಟ್ಟಿ ನಂಬಿಕೆ ಇರುತ್ತದೆ, ಅದಕ್ಕೇ ಮುಂಚೆ ಸಹಿ ಸಿಗುತ್ತದೆ. ಫಲಿತಾಂಶ ಬಂದ ಮೇಲೆ ದೇವರೇ ಬಂದು ಕೇಳಿದರೂ ಸಿಗುವುದಿಲ್ಲ.

ಅದಕ್ಕೂ ಹಿಂದೆ ನಡೆಯುತ್ತಿದ್ದುದು ಪುಟ್ಟಿ-ಪೇಂಟಿನ ಸೇವೆ. ಕೆಳಗಿನ ಮನೆಯವರು ಗಲಾಟೆ ಮಾಡಿದರೆ ಕಾಮನ್ ಫಂಡಿನಿಂದ ಸೀಲಿಂಗಿಗೆ ಬಣ್ಣ. ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಹೋಗುತ್ತಿತ್ತು, ಆರು ತಿಂಗಳಿಗೆ ಕಲೆ ವಾಪಸ್. ಒಬ್ಬ ಕಂಟ್ರಾಕ್ಟರ್ ಕೆಳಗಿನಿಂದಲೇ ಕೆಮಿಕಲ್ ಕೋಟಿಂಗ್ ಕೊಡುತ್ತೇನೆಂದು ನಲವತ್ತು ಸಾವಿರ ತೆಗೆದುಕೊಂಡ. ಮೇಲೆ ನಿಂತ ನೀರಿಗೆ ಕೆಳಗೆ ಬಾಗಿಲು ಹಾಕಿದರೆ ಅದು ಬೇರೆ ದಾರಿ ಹುಡುಕುತ್ತದೆ. ಹುಡುಕಿಕೊಂಡಿದ್ದು ಲೈಟ್ ಪಾಯಿಂಟನ್ನು. ವಕೀಲರ ನೋಟಿಸಿಗೂ ಒಂದಿಷ್ಟು ಸುರಿದಿದ್ದಾರೆ. ನೋಟಿಸ್ ಹೋದ ಮನೆಯ ಓನರ್ ವಿದೇಶದಲ್ಲಿ, ಬಾಡಿಗೆಯವರು ಬಾಗಿಲೇ ತೆಗೆಯುವುದಿಲ್ಲ. ಮುಗೀತು.

ಮೊದಲು ಗೆರೆ ಎಳೆಯಬೇಕಿತ್ತು. ನಮ್ಮದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬರುವ ಕಟ್ಟಡ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಇರುವವರು ತಮ್ಮ ತಮ್ಮ ಬೈಲಾ ಬಿಚ್ಚಿ ನೋಡಿಕೊಳ್ಳಿ. ಶಾಫ್ಟಿನ (ಪೈಪುಗಳು ಮೇಲಿನಿಂದ ಕೆಳಗಿಳಿಯುವ ಓಣಿ) ನಿಲುವು ಪೈಪು, ಟೆರೇಸು, ಹೊರಗೋಡೆ ಅಸೋಸಿಯೇಷನ್ನಿನದು. ಮನೆಯೊಳಗಿನ ನಲ್ಲಿ, ಕಮೋಡು, ಟೈಲ್ಸು, ವಾಟರ್‌ಪ್ರೂಫಿಂಗ್ ಓನರದು. ಇಷ್ಟಕ್ಕೆ ಯಾರದೂ ತಕರಾರಿಲ್ಲ. ಜಗಳ ಇದ್ದದ್ದು ಮೂರಡಿ ಪೈಪಿನಲ್ಲಿ: ಮೇಲಿನವರ ನಹಾನಿ ಟ್ರ್ಯಾಪಿನಿಂದ (ಬಾತ್‌ರೂಮ್ ನೆಲದ ನೀರು ಇಳಿಯುವ, ಜಾಲರಿ ಕೆಳಗಿನ ಬಟ್ಟಲು) ಹೊರಟು, ಕೆಳಗಿನವರ ಫಾಲ್ಸ್ ಸೀಲಿಂಗಿನೊಳಗೆ ಅಡ್ಡ ಮಲಗಿ, ಶಾಫ್ಟ್ ಸೇರುವ ತುಂಡು. ಇರುವುದು ಇವರ ಮನೆಯಲ್ಲಿ, ಹರಿಯುವುದು ಅವರ ನೀರು. ಎರಡು ಎಜಿಎಂ, ಅಂದರೆ ವಾರ್ಷಿಕ ಸಭೆ, ಇದರಲ್ಲೇ ಹೋಯಿತು. ಕೊನೆಗೆ ಠರಾವು ಹೀಗಾಯಿತು: ಒಂದೇ ಮನೆಯ ನೀರು ಹರಿಯುವಷ್ಟು ದೂರ ಆ ಮನೆಯವರದು, ಎರಡನೇ ಮನೆಯ ನೀರು ಸೇರಿದ ಜಾಯಿಂಟಿನಿಂದ ಆಚೆ ಅಸೋಸಿಯೇಷನ್ನಿನದು. ಬೇರೆಯವರು ಬೇರೆ ಥರ ಬರೆದುಕೊಂಡಿರಬಹುದು, ಬರೆದಿರುವುದು ಮುಖ್ಯ.

ಪರೀಕ್ಷೆಗೆ ಮೇಲಿನವರು, ಕೆಳಗಿನವರು, ಅಸೋಸಿಯೇಷನ್, ಮೂವರೂ ಎರಡೆರಡು ಸಾವಿರ ಡಿಪಾಸಿಟ್. ತಪ್ಪು ಯಾರದೋ ಅವರದು ಖರ್ಚಿಗೆ, ಉಳಿದವರದು ವಾಪಸ್. ಮೊದಲು ಕಲೆಯ ಅಂಚಿಗೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ಆಮೇಲೆ ಒಳಬರುವ ಲೈನಿಗೆ ಕೈಪಂಪಿನಲ್ಲಿ ಪ್ರೆಷರ್. ಪ್ರೆಷರ್ ಇಳಿಯದಿದ್ದರೆ ಟ್ರ್ಯಾಪಿಗೆ ಬೂಚು ಹಾಕಿ ಒಂದು ದಿನ ನೆಲದಲ್ಲಿ ಬಣ್ಣದ ನೀರು ನಿಲ್ಲಿಸುವುದು, ಕೊನೆಗೆ ಕಮೋಡಿಗೆ ಬೇರೆ ಬಣ್ಣ. ಯಾವ ಜಾಗಕ್ಕೆ ಯಾವ ಬಣ್ಣ ಅಂತ ಮಾತ್ರ ಬರೆಯುವುದಿಲ್ಲ, ನಮ್ಮವರೂ ಇದನ್ನು ಓದುತ್ತಾರೆ. ಪ್ಲಂಬರ್ ಮರುದಿನವೇ ತೀರ್ಪು ಹೇಳಿದರೆ ನಂಬಬೇಡಿ. ಸಂಕನ್ ಸ್ಲ್ಯಾಬಿನಲ್ಲಿ (ಬಾತ್‌ರೂಮಿಗೆಂದು ತಗ್ಗಿಸಿ ಹಾಕಿದ ಸ್ಲ್ಯಾಬು) ತುಂಬಿರುವ ಇಟ್ಟಿಗೆ ಚೂರು ನೀರು ಹೀರಿಕೊಂಡು ಕೂತಿರುತ್ತದೆ, ನಲ್ಲಿ ಬಂದ್ ಮಾಡಿದ ಎರಡು ವಾರದ ಮೇಲೂ ಹನಿಯುತ್ತದೆ.

ಮೂರನೇ ಮಹಡಿಯ ಒಬ್ಬರು ಶಾಫ್ಟ್ ಪೈಪೇ ಒಡೆದಿದೆ ಎಂದು ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬರೆಯುತ್ತಿದ್ದರು. ನೆಲದ ನೀರು ಬಿಟ್ಟ ಮೇಲೆ ಟ್ರ್ಯಾಪಿನ ಜಾಲರಿ ಎತ್ತಿ ಟಾರ್ಚ್ ಹಾಕಿದೆವು. ಟೈಲಿಗೂ ಟ್ರ್ಯಾಪಿನ ಕಂಠಕ್ಕೂ ನಡುವೆ ಕೂದಲೆಳೆಯಷ್ಟು ಬಿರುಕು, ಅದರ ಉದ್ದಕ್ಕೂ ನಾವು ನೆಲಕ್ಕೆ ಹಾಕಿದ್ದ ಬಣ್ಣದ್ದೇ ಗೆರೆ. ಅವರೇ ಬಗ್ಗಿ ನೋಡಿದರು, ಏನೂ ಮಾತಾಡಲಿಲ್ಲ. ಪೂರ್ತಿ ಒಡೆದು ಮಾಡಲು ಎಪ್ಪತ್ತು ಸಾವಿರದ ಕೊಟೇಷನ್ ಬಂದಿತ್ತು. ಕಂಠ ಬಿಡಿಸಿ ಸೀಲ್ ಮಾಡಿ, ನೆಲದ ಟೈಲ್ಸ್ ಸಂದಿಗೆ ನೀರು ಇಳಿಯದ ಎಪಾಕ್ಸಿ ಗ್ರೌಟ್ ತುಂಬಿಸಿ ಒಂಬತ್ತು ಸಾವಿರ ಚಿಲ್ಲರೆಗೆ ಮುಗಿಸಿದೆ. ಪೆನ್ಸಿಲ್ ಗೆರೆ ದಾಟಿ ಕಲೆ ಇವತ್ತಿಗೂ ಬಂದಿಲ್ಲ.

ಒಟ್ಟು ಲೆಕ್ಕದಲ್ಲಿ ಹದಿನೈದರಷ್ಟು ಮೇಲಿನ ಮನೆಯವರ ತಲೆಗೆ ಬಂತು, ಆರೇಳು ಶಾಫ್ಟಿನವು, ಅಂದರೆ ನಮ್ಮ ತಲೆಗೆ. ಎರಡು ಕಡೆ ನೀರು ದೂರು ಕೊಟ್ಟವರ ಸ್ವಂತ ಎಸಿ ಡ್ರೈನ್ ಪೈಪಿನದೇ! ಆ ಡಿಪಾಸಿಟ್ ಹಿಡಿದಿಟ್ಟುಕೊಂಡಾಗ ಬೈಗುಳವೂ ಬಂತು.

ಬಾಗಿಲು ತೆಗೆಯದವರಿಗೆ ಕಾಯ್ದೆಯಲ್ಲೇ ಮದ್ದಿದೆ. ಕಾಮನ್ ಭಾಗದ ರಿಪೇರಿಗೆ, ಇನ್ನೊಂದು ಮನೆಗೆ ಹಾನಿಯಾಗದಂತೆ ತಡೆಯುವ ತುರ್ತು ಕೆಲಸಕ್ಕೆ, ಒಳಗೆ ಬರುವ ಹಕ್ಕು ಅಸೋಸಿಯೇಷನ್ನಿಗಿದೆ. ಆ ಕಲಮನ್ನು ಕನ್ನಡಕ್ಕೆ ಮಾಡಿ ದಪ್ಪಕ್ಷರದಲ್ಲಿ ಲಿಫ್ಟಿನೊಳಗೆ ಅಂಟಿಸಿದೆ. ದುಡ್ಡು ಕೊಡದವರ ಬಾಕಿಯನ್ನು ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸುತ್ತಾ ಹೋಗುವುದಷ್ಟೆ. ಆ ವಿದೇಶದ ಓನರ್ ಮನೆ ಮಾರಲು ಅಸೋಸಿಯೇಷನ್ನಿನ ಎನ್ಒಸಿ (ನಿರಾಕ್ಷೇಪಣಾ ಪತ್ರ) ಕೇಳಿದ ದಿನ ಪೂರಾ ಚುಕ್ತಾ ಮಾಡಿದರು.

ಇದರ ನಡುವೆ ಇನ್ನೊಂದು ಪ್ರಯೋಗ. 2024ರ ಬೇಸಿಗೆಯಲ್ಲಿ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಿಸಿ ಎಂದು ಜಲಮಂಡಳಿ ಪಟ್ಟು ಹಿಡಿಯಿತಲ್ಲ, ಆಗ ನಲ್ಲಿ ಓನರದು ಅಂತ ನಮ್ಮ ಗೆರೆಯೇ ಅಡ್ಡ ಬಂತು. ಆದರೆ ಟ್ಯಾಂಕರ್ ಬಿಲ್ಲು ಎಲ್ಲರದು. ಗೆರೆ ಪಕ್ಕಕ್ಕಿಟ್ಟು ಅಸೋಸಿಯೇಷನ್ ದುಡ್ಡಿನಲ್ಲೇ ಸಗಟಾಗಿ ತಂದು ಮನೆಮನೆಗೆ ಹಾಕಿಸಿದೆ. ಅಂದಾಜು ದಿನಕ್ಕೊಂದು ಟ್ಯಾಂಕರ್ ಕಮ್ಮಿಯಾಯಿತು. ಕೆಲವರು ಶವರ್ ಸಾಲಲ್ಲ ಅಂತ ಬಿಚ್ಚಿಟ್ಟರು, ಬಿಟ್ಟುಬಿಟ್ಟೆ.

ಈಗ ಉಳಿದಿರುವುದು ಕಿಟಕಿ ಅಂಚಿನ ಮಳೆನೀರು. ಹೊರಗೋಡೆ ನಮ್ಮದು, ಫ್ರೇಮು ಅವರದು, ನಡುವಿನ ಸಿಲಿಕಾನ್ ಯಾರದು? ಗ್ರಿಲ್ಲಿಗೆಂದು ಗೋಡೆ ಕೊರೆಸಿದವರದೇ ಖರ್ಚು ಎಂದು ಕರಡು ಮಾಡಿಟ್ಟಿದ್ದೇನೆ. ಎಜಿಎಂಗೆ ಇನ್ನೂ ತಿಂಗಳಿದೆ, ಗ್ರಿಲ್ ಹಾಕಿಸಿಕೊಂಡವರು ಆಗಲೇ ಸಹಿ ಸಂಗ್ರಹಕ್ಕೆ ಇಳಿದಿದ್ದಾರೆ.