ಸಕಲೇಶಪುರದ ಮಳೆಗಾಲ ದಾಟಿದ ಬ್ಯಾಟರಿ: ನನ್ನ ಅನುಭವ

ಪಂಪ್‌ಮನೆಯ ಎರಡು ಸೋಲಾರ್ ದೀಪಕ್ಕೆ ಲಿಥಿಯಂ ಬ್ಯಾಟರಿ ಯಾಕೆ, ಇನ್ವರ್ಟರಿಗೆ ಹಾಕುವಂಥ ಟ್ಯೂಬುಲರ್ ಲೆಡ್ ಬ್ಯಾಟರಿ ಹಾಕಿಸಿ ಸುಮ್ಮನಿರಿ ಅಂದವರೇ ಎಲ್ಲ. ಹಾಸನದ ಅಂಗಡಿಯವರಂತೂ "ಅಣ್ಣಾ, ನಿಮ್ಮ ಕಡೆ ಮಳೆಗೆ ಇದೆಲ್ಲ ನಿಲ್ಲಲ್ಲ" ಅಂತ ನಕ್ಕಿದ್ದರು. ಎರಡು ಮಳೆಗಾಲ ಕಳೆಯಿತು, ದೀಪ ಉರಿಯುತ್ತಿದೆ.

ಪ್ಯಾನಲ್ 40 ವ್ಯಾಟಿನದು, ಒಳ್ಳೆ ಬಿಸಿಲಿಗೆ 2 ಆಂಪಿಯರ್ ಕೊಡುತ್ತೆ. 9 ವ್ಯಾಟಿನ ಡಿಸಿ ಬಲ್ಬು ಎರಡು, ಸಂಜೆ ಆರೂವರೆಯಿಂದ ಹತ್ತರವರೆಗೆ. ಅಂದರೆ ರಾತ್ರಿಗೆ 5 ಎಎಚ್ ಚಿಲ್ಲರೆ (ಎಎಚ್ ಅಂದರೆ ಆಂಪಿಯರ್-ಅವರ್, ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು).

ಮೊದಲು ಹಾಕಿದ್ದು ಯುಪಿಎಸ್ ಒಳಗಿರುತ್ತಲ್ಲ, ಆ 7 ಎಎಚ್ ಸೀಲ್ಡ್ ಲೆಡ್ ಬ್ಯಾಟರಿ. ಸಾವಿರದ ಹತ್ತಿರ ಬಿತ್ತು. ಬೇಸಿಗೆಯಲ್ಲಿ ತಕರಾರಿಲ್ಲ. ಜುಲೈ ಬಂತು, ಇಡೀ ದಿನಕ್ಕೆ 2 ಎಎಚ್ ಬಂದರೆ ಪುಣ್ಯ. ಲೆಡ್ ಬ್ಯಾಟರಿ ವಾರಗಟ್ಟಲೆ ಅರ್ಧ ಹೊಟ್ಟೆಯಲ್ಲಿ ಕೂತರೆ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಶಕ್ತಿ ಕುಂದದೆ ಇರುತ್ತದೆಯೇ? ಮೀಟರ್ ಹಿಡಿದರೆ 12.8 ವೋಲ್ಟ್, ಬಲ್ಬ್ ಹಾಕಿದ ತಕ್ಷಣ 11. ದೊಡ್ಡದು ಹಾಕಿದರೆ ಸರಿಹೋದೀತು ಅಂತ 26 ಎಎಚ್ ತಂದೆ, ಮೂರು ಸಾವಿರ ಹೋಯಿತು. ಅದೂ ಅದೇ ದಾರಿ ಹಿಡಿಯಿತು, ಒಂದು ವರ್ಷ ತಡವಾಗಿ. ಗುಜರಿಯವನು ಎರಡಕ್ಕೂ ಸೇರಿ ಆರುನೂರು ಚಿಲ್ಲರೆ ಕೊಟ್ಟ.

ನಡುವೆ ಹಳೇ ಲ್ಯಾಪ್‌ಟಾಪಿನ 18650 ಅನ್ನೋ ಲಿಥಿಯಂ ಸೆಲ್ ಬಿಚ್ಚಿ ಮೂರನ್ನು ಸೀರೀಸ್ (ಒಂದರ ಹಿಂದೆ ಒಂದು) ಮಾಡಿ ನೋಡಿದ್ದುಂಟು. ಅದಕ್ಕೆ 12.6 ವೋಲ್ಟಿನ ಮೇಲೆ ಹೋಗುವಂತಿಲ್ಲ, ಪ್ಯಾನಲ್‌ಗೂ ಬ್ಯಾಟರಿಗೂ ನಡುವೆ ಕೂರುವ ಲೆಡ್ ಚಾರ್ಜ್ ಕಂಟ್ರೋಲರ್ 14ರವರೆಗೆ ತಳ್ಳುತ್ತೆ. ಅದಕ್ಕೇ ಬೇರೆ ಚಾರ್ಜರಿಗೆ ಹಾಕಿದೆ, ಅದರಲ್ಲೇ ಒಂದು ಸೆಲ್ ಕೈ ಸುಡುವಷ್ಟು ಬಿಸಿಯಾಯಿತು. ಅತ್ತಿಗೆ ಇಡೀ ಡಬ್ಬಿಯನ್ನೇ ಅಂಗಳಕ್ಕೆ ಸಾಗಿಸಿದರು.

ಕೊನೆಗೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. 32650 ಸೆಲ್, 3.2 ವೋಲ್ಟ್, 6 ಎಎಚ್. ಎರಡೆರಡು ಪ್ಯಾರಲಲ್ (ಅಕ್ಕಪಕ್ಕ), ಅಂಥ ನಾಲ್ಕು ಜೋಡಿ ಸೀರೀಸ್. ಸೆಲ್ಲಿಗೆ ಮುನ್ನೂರರ ಆಸುಪಾಸು, ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್), ನಿಕಲ್ ಪಟ್ಟಿ, ಡಬ್ಬಿ ಎಲ್ಲ ಸೇರಿ ಮೂರು ಸಾವಿರ ದಾಟಿತು. ಕಂಟ್ರೋಲರ್ ಹಳೆಯದೇ, ಸೆಟ್ಟಿಂಗ್ ವೋಲ್ಟಿನಲ್ಲಿ: ಬೂಸ್ಟ್ (ತುಂಬಿಸುವಾಗ) 14.2, ಫ್ಲೋಟ್ (ತುಂಬಿದ ಮೇಲೆ) 13.6, ಈಕ್ವಲೈಸ್ (ಲೆಡ್‌ಗೆ ಆಗಾಗ ಕೊಡುವ ಹೆಚ್ಚಿನ ಚಾರ್ಜ್) ಬಂದ್, ಕಟಾಫ್ (ದೀಪ ಆರಿಸುವ ಮಟ್ಟ) 12. ಅರ್ಧ ಚಾರ್ಜಿನಲ್ಲಿ ತಿಂಗಳಿದ್ದರೂ ಇದಕ್ಕೆ ಏನೂ ಆಗಲ್ಲ, ಅದೇ ಇದರ ಗಮ್ಮತ್ತು. ಹಾಗಂತ ಮೋಡದಿಂದ ಕರೆಂಟು ಹುಟ್ಟಲ್ಲ. ಜುಲೈಯಲ್ಲಿ ಒಂದೇ ಬಲ್ಬು, ಅದೂ ಎರಡು ಗಂಟೆ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕೋಕೆ ಹೋಗಬೇಡಿ, ಮುಕ್ಕಾಲಿದ್ದರೂ ಕಾಲಿದ್ದರೂ 13ರ ಆಚೀಚೆಯೇ ತೋರಿಸುತ್ತೆ. ಜೋಡಿಸುವ ಮುಂಚೆ ಸೆಲ್‌ಗಳನ್ನು ಸಮಕ್ಕೆ ತರುವ ನನ್ನ ಕ್ರಮ ಒಂದಿದೆ, ಅದನ್ನು ಬರೆಯಲ್ಲ. ಮನೆಗೆ ಬಂದರೆ ತೋರಿಸುತ್ತೇನೆ.

ಪ್ಯಾನಲ್ ಮೇಲೆ ನೆರಳು ಬೀಳಿಸುತ್ತಿದ್ದ ಸಿಲ್ವರ್ ಓಕಿನ ಒಂದು ಕೊಂಬೆ ಕಡಿಸಿದೆ, ಆಳಿನ ಅರ್ಧ ದಿನದ ಕೂಲಿ. ಬೆಳಗಿನ ಆಂಪಿಯರ್ ಹೆಚ್ಚುಕಮ್ಮಿ ಡಬಲ್ ಆಯಿತು. ಇಷ್ಟು ಲಾಭ ಬೇರೆ ಯಾವುದರಲ್ಲೂ ಕಂಡಿಲ್ಲ.

ಇನ್ನೂ ನಾಲ್ಕು ಸೆಲ್ ತಂದು ಔಷಧಿ ಹೊಡೆಯುವ ಬ್ಯಾಟರಿ ಕ್ಯಾನಿಗೆ ಹಾಕಿದ್ದೇನೆ. ಅದರ ಲೆಡ್ ಬ್ಯಾಟರಿ ಎರಡು ಕೆಜಿ ಮೇಲಿತ್ತು, ಇದು ಮುಕ್ಕಾಲು ಕೆಜಿಯೂ ಇಲ್ಲ. ಈಗ ಬೆಳಿಗ್ಗೆ ಎಲ್ಲರಿಗೂ ಅದೇ ಕ್ಯಾನ್ ಬೇಕು.