ಲೆಕ್ಕ ಬಿಡಿಸುವ ಮೊದಲು ಸರ್ಕಿಟ್ ಸಿಂಧುವೇ ಎಂದು ಪರಿಶೀಲಿಸುವ ಕ್ರಮ

ಕಾರವಾರ, ಶಿರಸಿ ಕಡೆಯ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊಟ್ಟ ಜೋಡಣೆ ಸಿಂಧುವೇ ಅಲ್ಲವೇ, ಅಂದರೆ ಅದರಲ್ಲಿ ಬರೆದ ಬೆಲೆಗಳು ಸರ್ಕಿಟ್ಟಿನ ನಿಯಮಗಳಿಗೆ ಹೊಂದುತ್ತವೆಯೇ ಇಲ್ಲವೇ ಎಂದು ಹೇಳಲು ಎಲ್ಲ ಕರೆಂಟುಗಳನ್ನೂ ಲೆಕ್ಕ ಹಾಕಬೇಕಾಗಿಲ್ಲ. ಗುಸ್ಟಾವ್ ಕಿರ್ಚಾಫ್ 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಮಂಡಿಸಿದ ಎರಡು ನಿಯಮಗಳನ್ನು ಎಲ್ಲಿ ಅನ್ವಯಿಸಬೇಕೆಂಬುದು ಗೊತ್ತಿದ್ದರೆ ಸಾಕು. ತಂತಿಗಳು ಕೂಡುವ ಸಂಧಿಗೆ ಬರುವ ಒಟ್ಟು ಕರೆಂಟು ಅಲ್ಲಿಂದ ಹೊರಡುವ ಒಟ್ಟು ಕರೆಂಟಿಗೆ ಸಮ ಎಂಬುದು ಮೊದಲನೆಯದು. ಯಾವುದೇ ಲೂಪನ್ನು, ಅಂದರೆ ಹೊರಟಲ್ಲಿಗೇ ಮರಳುವ ಮುಚ್ಚಿದ ದಾರಿಯನ್ನು, ಒಂದು ಸುತ್ತು ಹಾಕಿದಾಗ ವೋಲ್ಟೇಜುಗಳ ಬೈಜಿಕ ಮೊತ್ತ ಸೊನ್ನೆ ಎಂಬುದು ಎರಡನೆಯದು.

ರೆಸಿಸ್ಟರ್ ಇರುವ ಲೂಪಿನಲ್ಲಿ ಸಾಮಾನ್ಯವಾಗಿ ತೊಂದರೆ ಹುಟ್ಟುವುದಿಲ್ಲ, ಏಕೆಂದರೆ ಅದರ ವೋಲ್ಟೇಜು ಕರೆಂಟಿಗೆ ತಕ್ಕಂತೆ ಬದಲಾಗಿ ಲೆಕ್ಕವನ್ನು ಸರಿದೂಗಿಸುತ್ತದೆ. ಆದ್ದರಿಂದ ಮೊದಲು ಬರೀ ವೋಲ್ಟೇಜ್ ಸೋರ್ಸುಗಳಿಂದಲೇ (ಕರೆಂಟು ಎಷ್ಟಿದ್ದರೂ ಗೊತ್ತುಪಡಿಸಿದ ವೋಲ್ಟೇಜನ್ನೇ ಕೊಡುವ ಸೋರ್ಸುಗಳಿಂದಲೇ) ಆದ ಲೂಪು ಇದೆಯೇ ಎಂದು ಹುಡುಕಬೇಕು. ಇದ್ದರೆ ಒಂದು ದಿಕ್ಕಿನಲ್ಲಿ ಸುತ್ತುತ್ತ, ಧನ ತುದಿಯಿಂದ ಒಳಹೊಕ್ಕಾಗ ಕೂಡಿಸಿ, ಋಣ ತುದಿಯಿಂದ ಒಳಹೊಕ್ಕಾಗ ಕಳೆಯಬೇಕು. 12 ವೋಲ್ಟ್ ಮತ್ತು 8 ವೋಲ್ಟ್ ಸೋರ್ಸುಗಳನ್ನು ಸಮಾಂತರವಾಗಿ, ಧನಕ್ಕೆ ಧನ ಸೇರಿಸಿ ಜೋಡಿಸಿದ್ದರೆ 4 ವೋಲ್ಟ್ ಉಳಿಯುತ್ತದೆ. ಆ ಜೋಡಣೆ ಅಸಿಂಧು.

ಬಳಿಕ ಕರೆಂಟ್ ಸೋರ್ಸುಗಳನ್ನು, ಅಂದರೆ ಗೊತ್ತುಪಡಿಸಿದ ಕರೆಂಟನ್ನೇ ಹರಿಸುವ ಸೋರ್ಸುಗಳನ್ನು, ನೋಡಬೇಕು. ಒಂದೇ ಒಂದು ಸಂಧಿಯನ್ನು ನೋಡಿ ಬಿಟ್ಟರೆ ಸಾಲದು. ಸರ್ಕಿಟ್ಟಿನ ಯಾವುದಾದರೊಂದು ಭಾಗವನ್ನು ಸುತ್ತುವರಿಯುವ ಮುಚ್ಚಿದ ಗೆರೆಯೆಳೆದು, ಆ ಗೆರೆಯನ್ನು ದಾಟುವ ಪ್ರತಿಯೊಂದು ತಂತಿಯಲ್ಲೂ ಕರೆಂಟ್ ಸೋರ್ಸೇ ಇದ್ದರೆ, ಒಳಬರುವ ಮತ್ತು ಹೊರಹೋಗುವ ಮೊತ್ತಗಳು ಸಮವಿರಲೇಬೇಕು. 5 ಆಂಪಿಯರ್ ಒಳಬಂದು 3 ಆಂಪಿಯರ್ ಮಾತ್ರ ಹೊರಹೋಗುವಂತಿದ್ದರೆ ಉಳಿದ 2 ಆಂಪಿಯರಿಗೆ ದಾರಿಯಿಲ್ಲ. 12 ವೋಲ್ಟ್ ಸೋರ್ಸಿಗೆ 5 ಆಂಪಿಯರ್ ಕರೆಂಟ್ ಸೋರ್ಸನ್ನು ಸರಣಿಯಲ್ಲಿ ಸೇರಿಸಿ ಲೂಪು ಮುಚ್ಚಿದ ಚಿತ್ರವನ್ನು ಅನೇಕರು ಕಂಡೊಡನೆ ತಪ್ಪೆಂದು ಬರೆದುಬಿಡುತ್ತಾರೆ. ಅದು ಸಿಂಧುವಾದ ಜೋಡಣೆ: ಕರೆಂಟ್ ಸೋರ್ಸಿನ ತುದಿಗಳ ನಡುವೆ ಎಷ್ಟು ವೋಲ್ಟೇಜಾದರೂ ಇರಬಹುದು, ವೋಲ್ಟೇಜ್ ಸೋರ್ಸಿನ ಮೂಲಕ ಎಷ್ಟು ಕರೆಂಟಾದರೂ ಹರಿಯಬಹುದು.

ಸರ್ಕಿಟ್ಟಿನ ಬೇರೊಂದು ಕರೆಂಟನ್ನೋ ವೋಲ್ಟೇಜನ್ನೋ ಅವಲಂಬಿಸಿ ಬೆಲೆ ಬದಲಾಗುವ ಡಿಪೆಂಡೆಂಟ್ ಸೋರ್ಸ್ ಇದ್ದಲ್ಲಿ ಅದರ ಬೆಲೆಯನ್ನು ಮೊದಲು ಕಂಡುಕೊಳ್ಳಬೇಕು. 10 ವೋಲ್ಟ್ ಸೋರ್ಸಿಗೆ 5 ಓಮ್ ರೆಸಿಸ್ಟರನ್ನು ಅಡ್ಡಲಾಗಿ ಜೋಡಿಸಿದರೆ ಅದರಲ್ಲಿ 2 ಆಂಪಿಯರ್ ಹರಿಯುತ್ತದೆ. ಆ ಕರೆಂಟಿನ 4 ಪಟ್ಟು ವೋಲ್ಟೇಜು ಕೊಡುವ ಡಿಪೆಂಡೆಂಟ್ ಸೋರ್ಸನ್ನು ಇದಕ್ಕೆ ಸಮಾಂತರವಾಗಿ ಸೇರಿಸಿದರೆ 8 ವೋಲ್ಟಿಗೂ 10 ವೋಲ್ಟಿಗೂ ಹೊಂದಿಕೆಯಾಗದು. 5 ಪಟ್ಟು ಕೊಡುವುದಾದರೆ ಸರಿಹೊಂದುತ್ತದೆ.

ಅಸಿಂಧು ಎಂಬ ಮಾತು ಕಾಗದದ ಮೇಲಿನ ಚಿತ್ರಕ್ಕೆ ಮಾತ್ರ ಸಲ್ಲುತ್ತದೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಶಿರಸಿ ಸೀಮೆಯಲ್ಲಿ ಮಳೆಗಾಲದ ಗಾಳಿಗೆ ಟೊಂಗೆ ಬಿದ್ದು ಕರೆಂಟು ಹೋದಾಗ ಆಸರೆಯಾಗುವ ಇನ್ವರ್ಟರಿಗೆ ಎರಡು ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸುವುದುಂಟು. ಒಂದು 12.8 ವೋಲ್ಟ್, ಇನ್ನೊಂದು 12.2 ವೋಲ್ಟ್ ಇದ್ದರೆ, ಒಳರೋಧವೇ ಇಲ್ಲದ ಆದರ್ಶ ಸೋರ್ಸುಗಳೆಂದು ಬರೆದ ಚಿತ್ರದಲ್ಲಿ ಲೂಪ್ ನಿಯಮ ಮುರಿಯುತ್ತದೆ. ಬ್ಯಾಟರಿಗಳ ಒಳರೋಧವನ್ನು, ಉದಾಹರಣೆಗೆ ಕ್ರಮವಾಗಿ 0.01 ಮತ್ತು 0.02 ಓಮ್ ಎಂದು, ಚಿತ್ರದಲ್ಲಿ ಸೇರಿಸಿದ ಕೂಡಲೇ ಲೆಕ್ಕ ಕೂಡಿಬರುತ್ತದೆ: 0.6 ವೋಲ್ಟನ್ನು 0.03 ಓಮಿನಿಂದ ಭಾಗಿಸಿದರೆ 20 ಆಂಪಿಯರ್. ಮೊದಲನೆಯದರಲ್ಲಿ 0.2 ವೋಲ್ಟ್ ಇಳಿದು, ಎರಡನೆಯದರಲ್ಲಿ 0.4 ವೋಲ್ಟ್ ಏರಿ, ಎರಡೂ ತುದಿಗಳಲ್ಲಿ 12.6 ವೋಲ್ಟೇ ಸಿಗುವುದರಿಂದ ಉತ್ತರ ಸರಿಯೆಂದು ಖಚಿತವಾಗುತ್ತದೆ. ಇನ್ವರ್ಟರ್ ಆಫ್ ಇದ್ದಾಗಲೂ ಜೋಡಣೆಯ ತಂತಿಯಲ್ಲಿ ಅಷ್ಟು ಕರೆಂಟು ಹರಿಯಬಲ್ಲದು. ಆದುದರಿಂದ ಎರಡೂ ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಮಲ್ಟಿಮೀಟರಿನಲ್ಲಿ ವೋಲ್ಟೇಜು ಸಮವಾಗಿರುವುದನ್ನು ನೋಡಿಕೊಂಡ ಮೇಲೆಯೇ ಅವನ್ನು ಒಟ್ಟಿಗೆ ಜೋಡಿಸಬೇಕು.